ನಿದ್ರೆ ಮಾತ್ರೆಯನ್ನು ಒಂದೇ ದಿನಕ್ಕೆ ನಿಲ್ಲಿಸಬೇಡಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಆತಂಕದ ಮಾತ್ರೆಗಳ ಬಗ್ಗೆ ಅರ್ಧ ಪುಟದ ಲೇಖನ ಹಾಕಿದ್ದೀರಿ. ಜನ ಈ ಮಾತ್ರೆಗಳನ್ನು ಬೇಕಾಬಿಟ್ಟಿ ನುಂಗುತ್ತಿದ್ದಾರೆ ಅನ್ನುವ ದೂರು ಸರಿಯಾಗಿಯೇ ಇದೆ. ನನ್ನ ತಕರಾರು ಕೊನೆಯ ಪ್ಯಾರಾದ ಬಗ್ಗೆ. ಮನೆಯಲ್ಲಿರುವ ಮಾತ್ರೆಗಳನ್ನು ಇವತ್ತೇ ಕಸದ ಬುಟ್ಟಿಗೆ ಹಾಕಿ, ನಾಲ್ಕು ದಿನ ಕಷ್ಟವಾಗುತ್ತದೆ, ಆಮೇಲೆ ಎಲ್ಲ ಸರಿಹೋಗುತ್ತದೆ ಎಂದು ಅಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದೆ.

ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಅಲ್ಪ್ರಜೋಲಾಮ್, ಕ್ಲೊನಾಜೆಪಾಮ್, ಲೊರಾಜೆಪಾಮ್, ಡಯಾಜೆಪಾಮ್, ಇವುಗಳಲ್ಲಿ ಯಾವುದನ್ನಾದರೂ ತಿಂಗಳುಗಟ್ಟಲೆ, ವರ್ಷಗಟ್ಟಲೆ ದಿನಾ ತೆಗೆದುಕೊಂಡವರು ಒಂದೇ ದಿನಕ್ಕೆ ನಿಲ್ಲಿಸಿದರೆ ಕೆಲವರಿಗೆ ಫಿಟ್ಸ್ ಬರುತ್ತದೆ. ಕೆಲವರಿಗೆ ಇಲ್ಲದ್ದು ಕಾಣುತ್ತದೆ, ಕೇಳುತ್ತದೆ. ಅಪರೂಪಕ್ಕೆ ಜೀವವೂ ಹೋಗುತ್ತದೆ. ಮನಸ್ಸು ಗಟ್ಟಿ ಇದ್ದವರಿಗೆ ಏನೂ ಆಗುವುದಿಲ್ಲ ಎಂದು ಲೇಖಕರು ಧೈರ್ಯ ಹೇಳಿದ್ದಾರೆ. ಗಟ್ಟಿ ಮನಸ್ಸಿಗೂ ಇದಕ್ಕೂ ಸಂಬಂಧ ಕಡಿಮೆ. ಇದು ನರಕೋಶದ ಮೇಲೆ ಕೂತಿರುವ ಒಂದು ಪ್ರೋಟೀನಿನ ವಿಷಯ.

ನಾನು ನಿವೃತ್ತ ಅರಿವಳಿಕೆ ವೈದ್ಯೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಥಯೊಪೆಂಟೋನ್ ಕೊಟ್ಟು ರೋಗಿಗಳನ್ನು ಮಲಗಿಸುತ್ತಿದ್ದೆವು. ಆಮೇಲೆ ಹಾಲಿನ ಬಣ್ಣದ ಪ್ರೊಪೊಫಾಲ್ ಬಂತು. ಆಪರೇಷನ್‌ಗೆ ಮೊದಲು ಭಯ ಕಳೆಯಲು ಮಿಡಜೋಲಾಮ್. ಮೂರೂ ಬೇರೆ ಬೇರೆ ರಸಾಯನ, ಬೇರೆ ಬೇರೆ ಕಾಲದವು. ಆದರೆ ಮೂರೂ ಹೋಗಿ ಕೂರುವುದು ಒಂದೇ ಕಡೆ, ಈಗ ಹೇಳಿದ ಆ ಪ್ರೋಟೀನಿನ ಮೇಲೆ. ಅದರ ಹೆಸರು ಗಾಬಾ-ಎ ರಿಸೆಪ್ಟರ್. ನಿಮ್ಮ ಓದುಗರು ರಾತ್ರಿ ನುಂಗುವ ಅರ್ಧ ಮಾತ್ರೆ ಹೋಗುವುದೂ ಅಲ್ಲಿಗೇ. ಹಾಗಾಗಿ ಇದು ನನ್ನ ಕಸುಬಿನ ವಿಷಯ, ಸುಮ್ನೆ ಕೂರಲಾಗಲಿಲ್ಲ.

ಲೇಖನದಲ್ಲಿ ಇನ್ನೊಂದು ಮಾತಿದೆ. ಮಾತ್ರೆ ಮಿದುಳಿನಲ್ಲಿ ಶಾಂತಿಯ ರಾಸಾಯನಿಕವನ್ನು ಹೆಚ್ಚು ಮಾಡುತ್ತದಂತೆ. ಇಲ್ಲ. ಎಡವಟ್ಟು ಶುರುವಾಗಿರುವುದು ಅಲ್ಲಿಂದಲೇ. ಮಾತ್ರೆ ಏನು ಮಾಡುತ್ತದೆ ಎಂದು ಸರಿಯಾಗಿ ಗೊತ್ತಿದ್ದರೆ, ಒಂದೇ ದಿನಕ್ಕೆ ಬಿಸಾಡಿ ಎಂಬ ಸಲಹೆ ಯಾರ ಬಾಯಿಂದಲೂ ಬರುವುದಿಲ್ಲ.

ಮಿದುಳಿನಲ್ಲಿ ನರಕೋಶಗಳು ಒಂದನ್ನೊಂದು ಎಬ್ಬಿಸುತ್ತಲೇ ಇರುತ್ತವೆ. ಎಬ್ಬಿಸುವ ಮುಖ್ಯ ರಾಸಾಯನಿಕ ಗ್ಲುಟಮೇಟ್. ಎಲ್ಲವೂ ಎಲ್ಲವನ್ನೂ ಎಬ್ಬಿಸುತ್ತಾ ಹೋದರೆ ಉಳಿಯುವುದು ಫಿಟ್ಸ್ ಒಂದೇ. ಆದ್ದರಿಂದ ಸುಮ್ಮನಿರಿಸುವ ಕೋಶಗಳೂ ಇವೆ. ಮಿದುಳಿನ ಹೊರಪದರದಲ್ಲಿ ಹೆಚ್ಚುಕಡಿಮೆ ಐದರಲ್ಲಿ ಒಂದು ಕೋಶ ಈ ಜಾತಿಯದು. ಇವು ಬಿಡುವ ರಾಸಾಯನಿಕವೇ ಗಾಬಾ. ತಮಾಷೆ ಏನೆಂದರೆ ಗಾಬಾ ತಯಾರಾಗುವುದೂ ಗ್ಲುಟಮೇಟ್‌ನಿಂದಲೇ. ಒಂದು ಕಿಣ್ವ ಗ್ಲುಟಮೇಟ್‌ನ ಒಂದು ತುದಿಯನ್ನು ಕತ್ತರಿಸಿಹಾಕುತ್ತದೆ, ಎಬ್ಬಿಸುವುದು ಮಲಗಿಸುವುದಾಗಿಬಿಡುತ್ತದೆ. ಆ ಕಿಣ್ವಕ್ಕೆ ವಿಟಮಿನ್ ಬಿ6 ಬೇಕು. ಬಿ6 ತೀರಾ ಕಡಿಮೆಯಾದ ಕೂಸುಗಳಿಗೆ ಫಿಟ್ಸ್ ಬರುವುದಕ್ಕೆ ಇದೇ ಕಾರಣ. ಮಿದುಳಿನಲ್ಲಿ ಗಾಬಾ ಇದೆ ಎಂದು ಗೊತ್ತಾಗಿದ್ದು 1950ರಲ್ಲಿ. ಅದರಿಂದ ಏನು ಕೆಲಸ ಎಂದು ತಿಳಿಯಲು ಇನ್ನೂ ಹಲವು ವರ್ಷ ಬೇಕಾಯಿತು.

ಗಾಬಾ ಹೋಗಿ ಅಂಟಿಕೊಳ್ಳುವ ಜಾಗವೇ ರಿಸೆಪ್ಟರ್. ಐದು ಪ್ರೋಟೀನ್ ತುಂಡುಗಳು ವೃತ್ತಾಕಾರವಾಗಿ ನಿಂತಿರುತ್ತವೆ, ನಡುವೆ ಒಂದು ಸಣ್ಣ ದಾರಿ. ಗಾಬಾ ಬಂದು ಕೂತಾಗ ಆ ದಾರಿ ತೆರೆಯುತ್ತದೆ, ಹೊರಗಿನ ಕ್ಲೋರೈಡ್ ಅಯಾನುಗಳು ಒಳಗೆ ನುಗ್ಗುತ್ತವೆ. ಕ್ಲೋರೈಡ್‌ಗೆ ಋಣ ವಿದ್ಯುತ್ತು. ಕೋಶದ ಒಳಭಾಗ ಮೊದಲೇ ಋಣ, ಈಗ ಇನ್ನಷ್ಟು ಋಣ. ಅಂಥ ಕೋಶವನ್ನು ಎಬ್ಬಿಸುವುದು ಕಷ್ಟ. ಇದೆಲ್ಲ ನಡೆಯುವುದು ಸೆಕೆಂಡಿನ ಸಾವಿರದ ಕೆಲವು ಪಾಲಿನಲ್ಲಿ. ಇನ್ನೊಂದು ಮಾತು, ಇಲ್ಲಿಗೆ ಅಷ್ಟು ಬೇಕಾದ್ದಲ್ಲ, ಆದರೂ ಹೇಳದೆ ಇರಲಾರೆ. ಆಗಷ್ಟೇ ಬೆಳೆಯುತ್ತಿರುವ ನರಕೋಶಗಳ ಒಳಗೆ ಕ್ಲೋರೈಡ್ ಜಾಸ್ತಿ ಇರುತ್ತದೆ. ಅಲ್ಲಿ ಇದೇ ದಾರಿ ತೆರೆದರೆ ಕ್ಲೋರೈಡ್ ಹೊರಗೆ ಹೋಗುತ್ತದೆ, ಕೋಶ ಎಚ್ಚರವಾಗುತ್ತದೆ! ಅದೇ ಗಾಬಾ, ಅದೇ ರಿಸೆಪ್ಟರ್, ಕೆಲಸ ಪೂರ್ತಿ ಉಲ್ಟಾ. ಹುಟ್ಟಿದ ಕೂಸಿನ ಫಿಟ್ಸ್‌ಗೆ ಈ ಜಾತಿಯ ಔಷಧಗಳು ಕೆಲವೊಮ್ಮೆ ಸರಿಯಾಗಿ ಕೆಲಸ ಮಾಡದಿರುವುದಕ್ಕೆ ಇದೂ ಒಂದು ಕಾರಣ ಅನ್ನುತ್ತಾರೆ.

ಈಗ ಮಾತ್ರೆಗೆ ಬರೋಣ. ಐದು ತುಂಡುಗಳೂ ಒಂದೇ ಥರ ಇರುವುದಿಲ್ಲ. ಅವುಗಳಲ್ಲಿ ಆಲ್ಫಾ, ಬೀಟಾ, ಗಾಮಾ ಎಂದೆಲ್ಲ ವಿಧಗಳಿವೆ, ಮನುಷ್ಯರಲ್ಲಿ ಒಟ್ಟು 19 ಜೀನ್‌ಗಳು ಈ ತುಂಡುಗಳಿಗೆ ಮೀಸಲು. ತುಂಬಾ ಕಡೆ ಸಿಗುವ ರಿಸೆಪ್ಟರ್‌ನಲ್ಲಿ ಎರಡು ಆಲ್ಫಾ, ಎರಡು ಬೀಟಾ, ಒಂದು ಗಾಮಾ. ಗಾಬಾ ಕೂರುವುದು ಆಲ್ಫಾ ಮತ್ತು ಬೀಟಾ ಸೇರುವ ಸಂದಿಯಲ್ಲಿ, ಅಂಥ ಸಂದಿಗಳು ಎರಡು. ಅಲ್ಪ್ರಜೋಲಾಮ್, ಡಯಾಜೆಪಾಮ್, ಮಿಡಜೋಲಾಮ್ ಎಲ್ಲ ಬೆಂಜೊಡಯಜೆಪೀನ್ ಜಾತಿಯವು. ಈ ಜಾತಿಯ ಮಾತ್ರೆ ಕೂರುವುದು ಬೇರೆ ಜಾಗದಲ್ಲಿ, ಆಲ್ಫಾ ಮತ್ತು ಗಾಮಾ ಸೇರುವ ಸಂದಿಯಲ್ಲಿ. ಅಂದರೆ ಮಾತ್ರೆ ಗಾಬಾದ ಜಾಗವನ್ನು ಕಸಿದುಕೊಳ್ಳುವುದಿಲ್ಲ. ಗಾಬಾವನ್ನು ಹೆಚ್ಚು ಮಾಡುವುದೂ ಇಲ್ಲ. ತಾನೇ ದಾರಿಯನ್ನು ತೆರೆಯುವುದೂ ಇಲ್ಲ. ಬಾಗಿಲಿನ ಕೀಲಿಗೆ ಎಣ್ಣೆ ಬಿಟ್ಟ ಹಾಗೆ, ತೆರೆಯುವವರು ಮೊದಲಿನವರೇ, ತೆರೆಯುವುದು ಮಾತ್ರ ಸಲೀಸು. ಇರುವ ಗಾಬಾವೇ ದಾರಿಯನ್ನು ಪದೇ ಪದೇ ತೆರೆಯುವಂತಾಗುತ್ತದೆ.

ಮಿದುಳಿನಲ್ಲಿ ಇಂಥ ಜಾಗ ಇದೆ ಎಂದು 1977ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ತೋರಿಸಿದವು. ಆ ಹೊತ್ತಿಗೆ ಮಾತ್ರೆಗಳು ಮಾರುಕಟ್ಟೆಗೆ ಬಂದು ಹದಿನೇಳು ವರ್ಷವಾಗಿತ್ತು. ಎಲ್ಲಿ ಹೋಗಿ ಏನು ಮಾಡುತ್ತದೆ ಎಂದು ಗೊತ್ತಿಲ್ಲದೆಯೇ ಕೋಟ್ಯಂತರ ಜನ ನುಂಗಿದ್ದರು. ಈ ಮಾತ್ರೆಗಳ ಹುಟ್ಟೂ ಹಾಗೆಯೇ. ಹಾಫ್‌ಮನ್-ಲಾ ರೋಶ್ ಕಂಪನಿಯ ರಸಾಯನಶಾಸ್ತ್ರಜ್ಞ ಲಿಯೊ ಸ್ಟರ್ನ್‌ಬಾಕ್ ಕೆಲವು ಸಂಯುಕ್ತಗಳನ್ನು ತಯಾರಿಸಿ, ಪ್ರಯೋಜನವಿಲ್ಲ ಎಂದು ಕೈಬಿಟ್ಟಿದ್ದರು. 1957ರಲ್ಲಿ ಪ್ರಯೋಗಾಲಯ ಚೊಕ್ಕ ಮಾಡುವಾಗ ಪರೀಕ್ಷೆಗೆ ಹೋಗದೆ ಉಳಿದಿದ್ದ ಒಂದು ಪುಡಿ ಸಿಕ್ಕಿತು. ಬಿಸಾಡುವ ಬದಲು ಪ್ರಾಣಿಗಳ ಮೇಲೆ ಪರೀಕ್ಷೆಗೆ ಕಳಿಸಿದರು. ಅದೇ 1960ರಲ್ಲಿ ಲಿಬ್ರಿಯಮ್ ಆಯಿತು. 1963ರಲ್ಲಿ ವ್ಯಾಲಿಯಮ್, ಅಂದರೆ ಡಯಾಜೆಪಾಮ್, ಬಂತು.

ಅದಕ್ಕೂ ಮೊದಲು ಜನ ನುಂಗುತ್ತಿದ್ದದ್ದು ಬಾರ್ಬಿಟ್ಯುರೇಟ್. 1903ರಲ್ಲಿ ಎಮಿಲ್ ಫಿಶರ್ ಮತ್ತು ಯೋಸೆಫ್ ಫಾನ್ ಮೇರಿಂಗ್ ವೆರೊನಾಲ್ ಕೊಟ್ಟ ಮೇಲೆ ಅರ್ಧ ಶತಮಾನ ಅದರದ್ದೇ ರಾಜ್ಯಭಾರ. ಅದೂ ಇದೇ ರಿಸೆಪ್ಟರ್‌ಗೆ ಹೋಗುತ್ತದೆ. ಆದರೆ ಅದರ ವರಸೆಯೇ ಬೇರೆ. ಬೆಂಜೊಡಯಜೆಪೀನ್ ದಾರಿ ತೆರೆಯುವ ಸರದಿಯನ್ನು ಹೆಚ್ಚಿಸಿದರೆ, ಬಾರ್ಬಿಟ್ಯುರೇಟ್ ಒಮ್ಮೆ ತೆರೆದ ದಾರಿಯನ್ನು ಜಾಸ್ತಿ ಹೊತ್ತು ತೆರೆದೇ ಇಡುತ್ತದೆ. ಪ್ರಮಾಣ ಮೀರಿದರೆ ಗಾಬಾ ಇಲ್ಲದೆಯೂ ತಾನೇ ತೆರೆದುಬಿಡುತ್ತದೆ. ಮಿದುಳಿನ ಬುಡದಲ್ಲಿ ಉಸಿರಾಟ ನಡೆಸುವ ಕೋಶಗಳೂ ಆಗ ಸುಮ್ಮನಾಗುತ್ತವೆ. ನಿದ್ದೆಗೆ ಬೇಕಾದ ಪ್ರಮಾಣಕ್ಕೂ ಉಸಿರು ನಿಲ್ಲುವ ಪ್ರಮಾಣಕ್ಕೂ ನಡುವೆ ಇರುವ ಅಂತರ ಕಡಿಮೆ. ಥಯೊಪೆಂಟೋನ್ ಕೂಡ ಬಾರ್ಬಿಟ್ಯುರೇಟೇ, ಅದನ್ನು ಕೊಡುವಾಗ ಉಸಿರಿನ ಕೊಳವೆ, ಬ್ಯಾಗು, ಮಾಸ್ಕು ಎಲ್ಲ ಕೈಗೆಟುಕುವ ಹಾಗೆ ಇಟ್ಟುಕೊಂಡೇ ನಾವು ಸಿರಿಂಜ್ ಮುಟ್ಟುತ್ತಿದ್ದೆವು. ಅದೇ ಜಾತಿಯದನ್ನು ಮಾತ್ರೆಯ ರೂಪದಲ್ಲಿ ಜನ ಹಾಸಿಗೆಯ ಪಕ್ಕದಲ್ಲಿ ಇಟ್ಟುಕೊಂಡು ಮಲಗುತ್ತಿದ್ದ ಕಾಲ ಅದು. ಸತ್ತವರು ಬಹಳ.

ಬೆಂಜೊಡಯಜೆಪೀನ್‌ಗೆ ಒಂದು ಮಿತಿ ಇದೆ. ಗಾಬಾ ತಾನಾಗಿ ಎಷ್ಟು ಮಾಡಬಲ್ಲದೋ ಅದರಾಚೆಗೆ ಈ ಮಾತ್ರೆ ಎಳೆಯಲಾರದು. ಹಾಗಾಗಿ ಬರೀ ಇದನ್ನೇ ಜಾಸ್ತಿ ನುಂಗಿದವರು ಬಹುಪಾಲು ಗಾಢ ನಿದ್ದೆ ಮಾಡಿ ಎದ್ದುಬಿಡುತ್ತಾರೆ. ಒಳ್ಳೆಯ ಸುದ್ದಿಯೇ. ಆದರೆ ಈ ಒಂದು ಒಳ್ಳೆಯ ಗುಣವೇ ಜನರಿಗೂ, ಬರೆದುಕೊಡುವ ನಮ್ಮವರಿಗೂ ಸಲುಗೆ ಕೊಟ್ಟಿತು. ಹಗುರದ ಮಾತ್ರೆ ಅಂತ ಹೆಸರಾಯಿತು.

ಹಗುರ ಯಾವಾಗ ಅಂದರೆ ಒಂಟಿಯಾಗಿದ್ದಾಗ ಮಾತ್ರ. ಮದ್ಯವೂ ಇದೇ ರಿಸೆಪ್ಟರ್‌ನ ಕೆಲಸವನ್ನು ಹೆಚ್ಚಿಸುತ್ತದೆ, ಜೊತೆಗೆ ಎಬ್ಬಿಸುವ ಗ್ಲುಟಮೇಟ್‌ನ ದಾರಿಯನ್ನೂ ತಗ್ಗಿಸುತ್ತದೆ. ನೋವಿಗೆ ಕೊಡುವ ಮಾರ್ಫಿನ್, ಟ್ರಮಡಾಲ್ ಜಾತಿಯ ಔಷಧಗಳು ಬೇರೆ ರಿಸೆಪ್ಟರ್ ಮೂಲಕ ಅದೇ ಉಸಿರಾಟದ ಕೋಶಗಳನ್ನು ತಗ್ಗಿಸುತ್ತವೆ. ಎರಡು ಕಡೆಯಿಂದ ಒತ್ತಡ ಬಿದ್ದಾಗ ಮಿತಿ ಗಿತಿ ಏನೂ ಉಳಿಯುವುದಿಲ್ಲ. ಆಪರೇಷನ್ ಟೇಬಲ್ ಮೇಲೆ ಇದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಸ್ವಲ್ಪ ಮಿಡಜೋಲಾಮ್ ಕೊಟ್ಟಿರುತ್ತೇವೆ, ರೋಗಿ ಆರಾಮಾಗಿ ಮಾತಾಡುತ್ತಿರುತ್ತಾರೆ. ಅದರ ಮೇಲೆ ಮಾರ್ಫಿನ್ ಜಾತಿಯದೇ ಆದ ಫೆಂಟನಿಲ್ ಸ್ವಲ್ಪವೇ ಸ್ವಲ್ಪ ಹೋದರೆ ಸಾಕು, ಮಾತು ನಿಲ್ಲುತ್ತದೆ, ಎದೆ ಏಳುವುದು ನಿಲ್ಲುತ್ತದೆ. ಪಕ್ಕದಲ್ಲಿ ನಾವಿರುತ್ತೇವೆ, ಗದ್ದ ಎತ್ತಿ ಹಿಡಿದು ಉಸಿರು ಕೊಡುತ್ತೇವೆ. ಮನೆಯ ಮಂಚದ ಪಕ್ಕದಲ್ಲಿ ಯಾರಿರುತ್ತಾರೆ? ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರಲ್ಲಿ ಈ ಜೋಡಿಯ ಬಗ್ಗೆ ತನ್ನ ಅತಿ ಕಠಿಣ ಎಚ್ಚರಿಕೆಯನ್ನು ಪೊಟ್ಟಣದ ಮಾಹಿತಿಯಲ್ಲಿ ಚೌಕಟ್ಟು ಹಾಕಿ ಮುದ್ರಿಸಲು ಹೇಳಿತು. ನಿಮ್ಮ ಲೇಖನದಲ್ಲಿ ಚೌಕಟ್ಟು ಹಾಕಬೇಕಿದ್ದದ್ದು ಈ ಮಾತಿಗೆ.

ಒಂದೇ ಮಾತ್ರೆ ಭಯವನ್ನೂ ಕಳೆಯುತ್ತದೆ, ನಿದ್ದೆಯನ್ನೂ ತರುತ್ತದೆ, ಮರೆವನ್ನೂ ಮಾಡುತ್ತದೆ, ಸ್ನಾಯುಗಳನ್ನೂ ಸಡಿಲಿಸುತ್ತದೆ. ಹೇಗೆ? ಮಿದುಳಿನ ಬೇರೆ ಬೇರೆ ಭಾಗಗಳಲ್ಲಿ ಆಲ್ಫಾ ತುಂಡಿನ ಬೇರೆ ಬೇರೆ ವಿಧಗಳಿವೆ. ಇಲಿಗಳಲ್ಲಿ ಒಂದು ಚೆಂದದ ಪ್ರಯೋಗ ನಡೆದಿದೆ. ಆಲ್ಫಾ-1 ತುಂಡಿನಲ್ಲಿ ಒಂದೇ ಒಂದು ಅಮೈನೋ ಆಮ್ಲವನ್ನು, 101ನೇ ಜಾಗದ ಹಿಸ್ಟಿಡೀನನ್ನು, ಬದಲಾಯಿಸಿ ಅಲ್ಲಿ ಅರ್ಜಿನೀನ್ ಇಟ್ಟರು. ಆ ಇಲಿಗಳಿಗೆ ಡಯಾಜೆಪಾಮ್ ಕೊಟ್ಟರೆ ಮಂಪರು ಬರಲಿಲ್ಲ. ಭಯ ಮಾತ್ರ ಎಂದಿನಂತೆ ಕಡಿಮೆಯಾಯಿತು. ಇದು 1999ರಲ್ಲಿ. ಮರುವರ್ಷ ಆಲ್ಫಾ-2ರಲ್ಲಿ ಇದೇ ಥರದ ಬದಲಾವಣೆ ಮಾಡಿದಾಗ ಭಯ ಕಡಿಮೆ ಮಾಡುವ ಗುಣವೇ ಹೋಯಿತು. ನಿದ್ದೆಗೆ ಒಂದು, ಭಯಕ್ಕೆ ಇನ್ನೊಂದು! ಮಂಪರಿಲ್ಲದೆ ಆತಂಕವನ್ನಷ್ಟೇ ಕಳೆಯುವ ಔಷಧಕ್ಕಾಗಿ ಅಂದಿನಿಂದ ನಡೆಯುತ್ತಿರುವ ಹುಡುಕಾಟ ಇನ್ನೂ ಮುಗಿದಿಲ್ಲ.

ಮರೆವಿನ ವಿಷಯ ನಮ್ಮ ಕಸುಬಿನವರಿಗೆ ಚೆನ್ನಾಗಿ ಗೊತ್ತು. ಮಿಡಜೋಲಾಮ್ ಕೊಟ್ಟ ಮೇಲೆ ಒಬ್ಬ ಹೆಂಗಸು ತನ್ನ ಮಗಳ ಓದು, ಅಳಿಯನ ಸಿಟ್ಟು, ಮನೆಯ ಪಾಯದ ಜಗಳ ಎಲ್ಲವನ್ನೂ ನನಗೆ ವಿವರವಾಗಿ ಹೇಳಿದ್ದರು. ಕಣ್ಣು ತೆರೆದೇ ಇತ್ತು, ಪ್ರಶ್ನೆಗೆ ಸರಿಯಾದ ಉತ್ತರ ಬರುತ್ತಿತ್ತು. ಸಂಜೆ ವಾರ್ಡಿನಲ್ಲಿ ನೋಡಲು ಹೋದರೆ, ನೀವು ಯಾರು ಎಂದು ಕೇಳಿದರು. ಮಾತು ನಡೆಯುತ್ತಿತ್ತು, ಆದರೆ ನೆನಪು ಬರೆದುಕೊಳ್ಳುವ ಭಾಗ ಕೆಲಸ ನಿಲ್ಲಿಸಿತ್ತು. ಆಪರೇಷನ್ನಿನ ಮಟ್ಟಿಗೆ ಇದು ವರ. ದಿನಾ ರಾತ್ರಿ ಮಾತ್ರೆ ನುಂಗಿ, ಅದರ ಮೇಲೆ ಫೋನಿನಲ್ಲಿ ಜಗಳ ಆಡಿ ಬೆಳಿಗ್ಗೆ ನೆನಪಿಲ್ಲ ಅನ್ನುವವರಿಗೆ ವರ ಅಲ್ಲ. ಜೋಲ್ಪಿಡೆಮ್ ಅನ್ನುವ ನಿದ್ರೆ ಮಾತ್ರೆಯ ರಾಸಾಯನಿಕ ರಚನೆ ಬೇರೆ, ಆದರೂ ಕೂರುವುದು ಅದೇ ಆಲ್ಫಾ-ಗಾಮಾ ಸಂದಿಯಲ್ಲಿ, ಅದರಲ್ಲೂ ಆಲ್ಫಾ-1 ಇದ್ದ ಕಡೆ. ಅದನ್ನು ನುಂಗಿ ನಿದ್ದೆಗಣ್ಣಿನಲ್ಲೇ ನಡೆದವರು, ಅಡುಗೆ ಮಾಡಿದವರು, ಕಾರು ಓಡಿಸಿದವರು ಇದ್ದಾರೆ. ಹೆಂಗಸರ ಮೈಯಿಂದ ಅದು ನಿಧಾನವಾಗಿ ಹೊರಗೆ ಹೋಗುತ್ತದೆ ಎಂದು ಗೊತ್ತಾಗಿ 2013ರಲ್ಲಿ ಅಮೆರಿಕದಲ್ಲಿ ಅವರ ಪ್ರಮಾಣವನ್ನು 10 ಮಿಲಿಗ್ರಾಂನಿಂದ 5ಕ್ಕೆ ಇಳಿಸಿದರು.

ಇನ್ನು ನಿಲ್ಲಿಸುವ ವಿಷಯ. ಇದಕ್ಕಾಗಿಯೇ ಇಷ್ಟೆಲ್ಲ ಪೀಠಿಕೆ ಹಾಕಿದ್ದು.

ದಿನಾ ಮಾತ್ರೆ ಬೀಳುತ್ತಿದ್ದರೆ ಮಿದುಳು ಸುಮ್ಮನೆ ಕೂರುವುದಿಲ್ಲ. ಸುಮ್ಮನಿರಿಸುವ ಕೆಲಸ ಜಾಸ್ತಿಯಾಯಿತು ಎಂದು ಅದಕ್ಕೆ ಅರಿವಾಗುತ್ತದೆ. ರಿಸೆಪ್ಟರ್‌ನಲ್ಲಿ ಮಾತ್ರೆ ಕೂರುವ ಜಾಗಕ್ಕೂ ಗಾಬಾ ಕೂರುವ ಜಾಗಕ್ಕೂ ಇರುವ ಹೊಂದಾಣಿಕೆ ಸಡಿಲವಾಗುತ್ತದೆ. ಕೆಲವು ಕಡೆ ತುಂಡುಗಳ ವಿಧವೇ ಬದಲಾಗುತ್ತದೆ. ಇನ್ನೊಂದು ಕಡೆ ಎಬ್ಬಿಸುವ ಗ್ಲುಟಮೇಟ್‌ನ ವ್ಯವಸ್ಥೆ ಚುರುಕಾಗುತ್ತದೆ. ಹೀಗೆ ಎರಡೂ ಕಡೆಯಿಂದ ಮಿದುಳು ಲೆಕ್ಕ ಸರಿಮಾಡಿಕೊಳ್ಳುತ್ತದೆ. ಮೊದಲ ವಾರ ಕಾಲು ಮಾತ್ರೆಗೆ ಬರುತ್ತಿದ್ದ ನಿದ್ದೆ ಕೆಲವು ತಿಂಗಳಲ್ಲಿ ಒಂದಕ್ಕೂ ಬರದಿರುವುದು ಇದರಿಂದ. ನಿದ್ದೆ ತರುವ ಗುಣ ಬೇಗ ಕಡಿಮೆಯಾಗುತ್ತದೆ. ಮರೆವು ತರುವ ಗುಣ ಮಾತ್ರ ಅಷ್ಟು ಸುಲಭಕ್ಕೆ ಕಡಿಮೆಯಾಗುವುದಿಲ್ಲ. ಬೇಕಾದ್ದು ಹೋಗಿ ಬೇಡದ್ದು ಉಳಿಯುತ್ತದೆ.

ಈ ಸ್ಥಿತಿಯಲ್ಲಿ ಒಂದು ದಿನ ಮಾತ್ರೆ ನಿಂತಿತು ಅಂದುಕೊಳ್ಳಿ. ಸುಮ್ಮನಿರಿಸುವ ವ್ಯವಸ್ಥೆ ಕುಗ್ಗಿದೆ, ಎಬ್ಬಿಸುವ ವ್ಯವಸ್ಥೆ ಹಿಗ್ಗಿದೆ, ನಡುವೆ ಆಸರೆಯಾಗಿದ್ದ ಮಾತ್ರೆ ಇಲ್ಲ. ನಿದ್ದೆ ಬರುವುದಿಲ್ಲ, ಕೈ ನಡುಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಬೆಳಕು ಚುಚ್ಚುತ್ತದೆ, ಸಣ್ಣ ಸದ್ದಿಗೂ ಬೆಚ್ಚಿಬೀಳುವಂತಾಗುತ್ತದೆ. ಜಾಸ್ತಿ ಪ್ರಮಾಣದಲ್ಲಿ ಬಹಳ ಕಾಲ ತೆಗೆದುಕೊಂಡವರಿಗೆ ಫಿಟ್ಸ್. ಮದ್ಯ ಬಿಟ್ಟವರಿಗೆ ಬರುವ ನಡುಕ, ಭ್ರಮೆ, ಫಿಟ್ಸ್ ಹೆಚ್ಚುಕಡಿಮೆ ಇದೇ ದಾರಿಯಲ್ಲಿ ಬರುವುದು. ಅದನ್ನು ತಡೆಯಲು ವೈದ್ಯರು ಕೊಡುವುದು ಮತ್ತೆ ಡಯಾಜೆಪಾಮ್ ಅಥವಾ ಲೊರಾಜೆಪಾಮ್‌ಗಳನ್ನೇ!

ಒಬ್ಬ ನಿವೃತ್ತ ಗಣಿತ ಮೇಷ್ಟ್ರ ನೆನಪಾಗುತ್ತದೆ. ಜಾರಿ ಬಿದ್ದು ತೊಡೆಯ ಮೂಳೆ ಮುರಿದಿತ್ತು. ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ ಎಂದು ಕೇಳಿದಾಗ ಬಿಪಿಯದು ಹೇಳಿದರು, ಸಕ್ಕರೆ ಕಾಯಿಲೆಯದು ಹೇಳಿದರು. ಆಪರೇಷನ್ ಚೆನ್ನಾಗಿ ಆಯಿತು. ಮಾರನೇ ರಾತ್ರಿ ವಾರ್ಡಿನಿಂದ ಕರೆ ಬಂತು. ಮೇಷ್ಟ್ರು ಹೊದಿಕೆಯ ಅಂಚನ್ನು ಕಿತ್ತುತ್ತಿದ್ದಾರೆ, ಗೋಡೆಯ ಮೇಲೆ ಹುಡುಗರು ಕೂತಿದ್ದಾರೆ ಅನ್ನುತ್ತಿದ್ದಾರೆ, ಬೆವರು, ನಡುಕ. ಸೋಂಕು ಇರಬಹುದು, ಉಪ್ಪಿನಂಶ ಕಡಿಮೆಯಾಗಿರಬಹುದು ಎಂದು ರಕ್ತ ಪರೀಕ್ಷೆಗಳು ಹೋಗಿದ್ದವು. ನಾನು ಅವರ ಹೆಂಡತಿಯನ್ನು ಹೊರಗೆ ಕರೆದು, ರಾತ್ರಿ ಮಲಗುವಾಗ ಏನಾದರೂ ನುಂಗುತ್ತಿದ್ದರಾ ಎಂದು ಕೇಳಿದೆ. ಆಕೆ ಸಂಕೋಚದಿಂದಲೇ ಪರ್ಸಿನಿಂದ ಅಲ್ಪ್ರಜೋಲಾಮ್ ಪಟ್ಟಿ ತೆಗೆದರು. ಅವರು ಯಾರಿಗೂ ಹೇಳಬೇಡ ಅಂದಿದ್ದರು, ಹೆಸರು ಕೆಡುತ್ತದೆ ಅಂತ. ಆಸ್ಪತ್ರೆಗೆ ಸೇರಿದ ದಿನದಿಂದ ಮಾತ್ರೆ ಬಂದ್ ಆಗಿತ್ತು. ಮತ್ತೆ ಅದೇ ಜಾತಿಯ ಔಷಧ ಕೊಟ್ಟ ಮೇಲೆ ಗೋಡೆಯ ಮೇಲಿನ ಹುಡುಗರು ಇಳಿದು ಹೋದರು. ಮೇಷ್ಟ್ರಿಗೆ ಮನೋಬಲ ಕಡಿಮೆ ಇತ್ತಾ? ನನಗಂತೂ ಹಾಗೆ ಅನ್ನಿಸಲಿಲ್ಲ. ಮುರಿದ ಮೂಳೆ ಇಟ್ಟುಕೊಂಡೂ ನನ್ನ ಜೊತೆ ಕ್ರಿಕೆಟ್ ಸ್ಕೋರ್ ಚರ್ಚೆ ಮಾಡಿದವರು ಅವರು.

ಮುಚ್ಚಿಡುವುದಕ್ಕೆ ಕಾರಣ ಇಂಥ ಲೇಖನಗಳು ಕೂಡ ಅಂತ ನನಗೆ ಅನ್ನಿಸುತ್ತದೆ. ವಿಷ, ಚಟ, ದುರ್ಬಲ ಮನಸ್ಸು ಎಂದು ಬರೆದರೆ ಯಾರು ತಾನೇ ವೈದ್ಯರ ಮುಂದೆ ಬಾಯಿ ಬಿಡುತ್ತಾರೆ? ಆ ಮಾತ್ರೆಯನ್ನು ಮೊದಲು ಬರೆದುಕೊಟ್ಟದ್ದೂ ಒಬ್ಬ ವೈದ್ಯರೇ ಅಲ್ವಾ.

ಹಾಗಾದರೆ ಬಿಡುವುದು ಹೇಗೆ? ನಿಧಾನವಾಗಿ. ರಿಸೆಪ್ಟರ್‌ಗಳು ಹಿಂದಿನ ಸ್ಥಿತಿಗೆ ಮರಳಲು ಕಾಲ ಕೊಡಬೇಕು. ಈಗಿನ ಪದ್ಧತಿಯಲ್ಲಿ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಶೇಕಡ 5ರಿಂದ 10ರಷ್ಟು ಪ್ರಮಾಣ ಇಳಿಸುತ್ತಾ ಹೋಗುತ್ತಾರೆ, ರೋಗಿಗೆ ಹೇಗಾಗುತ್ತಿದೆ ಎಂದು ನೋಡಿ ವೇಗ ಬದಲಾಯಿಸುತ್ತಾರೆ. ಹಲವು ತಿಂಗಳು ಹಿಡಿಯಬಹುದು, ಕೆಲವರಿಗೆ ವರ್ಷಕ್ಕೂ ಮೇಲೆ. ಯಾವ ಮಾತ್ರೆ ಅನ್ನುವುದೂ ಮುಖ್ಯ. ಮಿಡಜೋಲಾಮ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಎರಡು ಮೂರು ಗಂಟೆ ಸಾಕು. ಅಲ್ಪ್ರಜೋಲಾಮ್‌ಗೆ ಸುಮಾರು 11 ಗಂಟೆ. ಡಯಾಜೆಪಾಮ್‌ಗೆ ಒಂದೆರಡು ದಿನ, ಅದರಿಂದ ಮೈಯೊಳಗೆ ತಯಾರಾಗುವ ಇನ್ನೊಂದು ರಾಸಾಯನಿಕಕ್ಕೆ ಅದಕ್ಕಿಂತಲೂ ಜಾಸ್ತಿ. ಬೇಗ ಇಳಿಯುವ ಮಾತ್ರೆ ಬಿಟ್ಟಾಗ ತೊಂದರೆ ಬೇಗ ಬರುತ್ತದೆ, ಜೋರಾಗಿಯೂ ಬರುತ್ತದೆ. ಅದಕ್ಕೇ ಕೆಲವು ವೈದ್ಯರು ಮೊದಲು ಡಯಾಜೆಪಾಮ್‌ಗೆ ಬದಲಾಯಿಸಿ, ಅದನ್ನು ಮೆಲ್ಲಗೆ ಇಳಿಸುತ್ತಾರೆ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಪ್ರೊಫೆಸರ್ ಹೆದರ್ ಆ್ಯಶ್ಟನ್ 1982ರಿಂದ 1994ರವರೆಗೆ ಇದಕ್ಕೆಂದೇ ಒಂದು ಕ್ಲಿನಿಕ್ ನಡೆಸಿ ಈ ಕ್ರಮವನ್ನು ರೂಢಿಗೆ ತಂದರು. ರೋಗಿಗಳು ಹೇಳಿದ್ದನ್ನು ನಂಬಿದ್ದು ಅವರ ದೊಡ್ಡ ಗುಣ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯೂ 2020ರಲ್ಲಿ ಈ ಮಾತ್ರೆಗಳ ಎಚ್ಚರಿಕೆಯಲ್ಲಿ ಅವಲಂಬನೆ ಮತ್ತು ಹಠಾತ್ತನೆ ನಿಲ್ಲಿಸುವುದರ ಅಪಾಯವನ್ನು ಸೇರಿಸಿತು. ಲಿಬ್ರಿಯಮ್ ಬಂದ ಅರವತ್ತು ವರ್ಷಕ್ಕೆ!

ಇದರ ಪರಿಣಾಮವನ್ನು ಥಟ್ಟನೆ ತೆಗೆಯುವ ಔಷಧ ಇಲ್ಲವೇ ಎಂದು ಓದುಗರು ಕೇಳಬಹುದು. ಇದೆ, ಫ್ಲುಮಜೆನಿಲ್. ಅದೇ ಆಲ್ಫಾ-ಗಾಮಾ ಸಂದಿಗೆ ಹೋಗಿ ಮಾತ್ರೆಯನ್ನು ಎಬ್ಬಿಸಿ ತಾನು ಕೂರುತ್ತದೆ, ಕೂತು ಏನೂ ಮಾಡುವುದಿಲ್ಲ. ಮಿಡಜೋಲಾಮ್ ಜಾಸ್ತಿಯಾಗಿ ಮಲಗಿದವರು ಒಂದೆರಡು ನಿಮಿಷದಲ್ಲಿ ಕಣ್ಣು ಬಿಡುತ್ತಾರೆ. ನೋಡಲು ಜಾದೂ. ಆದರೆ ದಿನಾ ಮಾತ್ರೆ ನುಂಗುವವರಿಗೆ ಇದನ್ನು ಕೊಟ್ಟರೆ, ಒಂದೇ ದಿನಕ್ಕೆ ನಿಲ್ಲಿಸುವುದನ್ನು ಒಂದೇ ನಿಮಿಷದಲ್ಲಿ ಮಾಡಿದ ಹಾಗಾಗುತ್ತದೆ. ಫಿಟ್ಸ್ ಬಂದೀತು. ಅದರ ಪರಿಣಾಮವೂ ಸುಮಾರು ಒಂದು ಗಂಟೆಯೊಳಗೆ ಇಳಿಯುತ್ತದೆ, ಮಾತ್ರೆ ಇನ್ನೂ ಮೈಯಲ್ಲಿದ್ದರೆ ರೋಗಿ ಮತ್ತೆ ಮಲಗುತ್ತಾರೆ. ಹಳೆಯ ಕಾಲದಲ್ಲಿ ಬಾರ್ಬಿಟ್ಯುರೇಟ್ ವಿಷಕ್ಕೆ ಪಿಕ್ರೊಟಾಕ್ಸಿನ್ ಕೊಡುತ್ತಿದ್ದರು. ನಮ್ಮ ಕಾಕಮಾರಿ ಕಾಯಿಯಲ್ಲಿ ಇರುವುದು, ಮೀನು ಹಿಡಿಯಲು ನೀರಿಗೆ ಹಾಕುತ್ತಾರಲ್ಲ, ಅದೇ. ಅದು ಕ್ಲೋರೈಡ್‌ನ ದಾರಿಯನ್ನೇ ಮುಚ್ಚುತ್ತದೆ. ರೋಗಿಯನ್ನು ಎಬ್ಬಿಸಲು ಹೋಗಿ ಫಿಟ್ಸ್ ಬರಿಸುತ್ತಿತ್ತು, ಹಾಗಾಗಿ ಕೈಬಿಟ್ಟರು.

ವಯಸ್ಸಾದವರ ಬಗ್ಗೆ ಲೇಖಕರು ಹೇಳಿದ್ದನ್ನು ಒಪ್ಪುತ್ತೇನೆ. ಬೀಳುವುದು, ಮೂಳೆ ಮುರಿಯುವುದು, ಗಲಿಬಿಲಿ ಎಲ್ಲ ನಿಜ. ಅವರಿಗೆ ಹೊಸದಾಗಿ ಶುರುಮಾಡದೆ ಇರುವುದೇ ಒಳ್ಳೆಯದು.

ಆದರೆ ವಿಷ ಅನ್ನುವ ಮಾತನ್ನು ಒಪ್ಪುವುದಿಲ್ಲ. ನಿಲ್ಲದೆ ಬರುತ್ತಿರುವ ಫಿಟ್ಸ್‌ಗೆ ಮೊದಲು ಕೊಡಬೇಕಾದ ಔಷಧ ಇದೇ ಜಾತಿಯದು, ಲೊರಾಜೆಪಾಮ್, ಮಿಡಜೋಲಾಮ್ ಅಥವಾ ಡಯಾಜೆಪಾಮ್. ಅಲ್ಲಿಯೂ ರಿಸೆಪ್ಟರ್‌ನ ಒಂದು ಆಟವಿದೆ. ಫಿಟ್ಸ್ ಮುಂದುವರಿದ ಹಾಗೆಲ್ಲ ಗಾಬಾ-ಎ ರಿಸೆಪ್ಟರ್‌ಗಳು ಕೋಶದ ಮೇಲಿನಿಂದ ಒಳಗೆ ಸರಿಯುತ್ತವೆ. ಔಷಧಕ್ಕೆ ಕೂರಲು ಜಾಗ ಕಡಿಮೆಯಾಗುತ್ತದೆ. ಐದನೇ ನಿಮಿಷಕ್ಕೆ ಕೆಲಸ ಮಾಡುವ ಔಷಧ ನಲವತ್ತನೇ ನಿಮಿಷಕ್ಕೆ ಸೋಲಬಹುದು. ಮನೆಯಲ್ಲಿ ಅಪಸ್ಮಾರದ ಮಗು ಇದ್ದು, ವೈದ್ಯರು ಮೂಗಿಗೆ ಬಿಡುವ ಮಿಡಜೋಲಾಮ್ ಬರೆದುಕೊಟ್ಟಿದ್ದರೆ, ಅದನ್ನೂ ನಿಮ್ಮ ಲೇಖನ ಓದಿ ಕಸಕ್ಕೆ ಹಾಕಿದರೆ ಏನು ಗತಿ?

ಇನ್ನೊಂದು ಸಣ್ಣ ತಿದ್ದುಪಡಿ. ಲೇಖನದ ಪಟ್ಟಿಯಲ್ಲಿ ಗಬಪೆಂಟಿನ್ ಮತ್ತು ಪ್ರಿಗಾಬಲಿನ್ ಕೂಡ ಇವೆ. ಹೆಸರಿನಲ್ಲಿ ಗಾಬಾದ ನೆರಳಿದ್ದರೂ ಅವು ಗಾಬಾ ರಿಸೆಪ್ಟರ್‌ಗೆ ಹೋಗುವುದಿಲ್ಲ, ಕ್ಯಾಲ್ಸಿಯಂ ದಾರಿಯ ಒಂದು ತುಂಡಿಗೆ ಅಂಟುತ್ತವೆ. ಅವನ್ನೂ ಥಟ್ಟನೆ ನಿಲ್ಲಿಸಬಾರದು, ಅದು ಬೇರೆ ಮಾತು. ಹಾಗೆಯೇ ಲೇಖನದ ಪಕ್ಕದಲ್ಲೇ ಗಾಬಾ ಕ್ಯಾಪ್ಸೂಲ್‌ಗಳ ಜಾಹೀರಾತು ಹಾಕಿದ್ದೀರಿ. ರಕ್ತದಿಂದ ಮಿದುಳಿಗೆ ಹೋಗುವ ಗಡಿಯನ್ನು ಗಾಬಾ ಸಲೀಸಾಗಿ ದಾಟುವುದಿಲ್ಲ. ನುಂಗುವವರು ನುಂಗಲಿ, ಆದರೆ ದಿನದ ಮಾತ್ರೆಗೆ ಅದು ಬದಲಿ ಎಂದು ಯಾರೂ ತಿಳಿಯದಿರಲಿ.

ನನ್ನ ಕೋರಿಕೆ ಇಷ್ಟೇ. ಮುಂದಿನ ಭಾನುವಾರ ಅದೇ ಪುಟದಲ್ಲಿ, ಅದೇ ದಪ್ಪ ಅಕ್ಷರದಲ್ಲಿ ಮೂರು ಸಾಲು ಹಾಕಿ. ಆತಂಕದ ಅಥವಾ ನಿದ್ದೆಯ ಮಾತ್ರೆಯನ್ನು ಕೆಲವು ವಾರಕ್ಕಿಂತ ಹೆಚ್ಚು ಕಾಲ ದಿನಾ ತೆಗೆದುಕೊಂಡವರು ತಾವಾಗಿ ನಿಲ್ಲಿಸಬಾರದು, ವೈದ್ಯರ ಜೊತೆ ಮಾತಾಡಿ ನಿಧಾನವಾಗಿ ಇಳಿಸಬೇಕು. ಅದರ ಜೊತೆ ಮದ್ಯ ಮುಟ್ಟಬಾರದು, ನೋವಿನ ಮಾತ್ರೆ ಬೇಕಾದರೆ ವೈದ್ಯರಿಗೆ ಹೇಳಿಯೇ ತೆಗೆದುಕೊಳ್ಳಬೇಕು. ಆಪರೇಷನ್‌ಗೆ ಹೋಗುವವರು ಅರಿವಳಿಕೆ ವೈದ್ಯರಿಗೆ ರಾತ್ರಿಯ ಮಾತ್ರೆಯ ಹೆಸರನ್ನೂ ಪ್ರಮಾಣವನ್ನೂ ಹೇಳಬೇಕು. ಪತ್ರ ಉದ್ದವಾಯಿತು, ಗೊತ್ತು. ಜಾಗ ಸಾಲದಿದ್ದರೆ ಇಲಿ, ಕಾಕಮಾರಿ ಎಲ್ಲ ಕತ್ತರಿಸಿ. ಈ ಮೂರು ಸಾಲು ಮಾತ್ರ ಉಳಿಸಿ.

ಇತಿ,
ನಿವೃತ್ತ ಅರಿವಳಿಕೆ ವೈದ್ಯೆ
(ಹೆಸರು, ವಿಳಾಸ ಪ್ರಕಟಣೆಗೆ ಬೇಡ)